ಹತ್ತಕ್ಕೆ ಹತ್ತೂ ಸೊನ್ನೆ

ನಮ್ಮಕ್ಕ ಇಪ್ಪತ್ತೆರಡು ವರ್ಷದಿಂದ ಬಾಣಂತಿಯರ ಮನೆಮನೆಗೆ ಹೋಗಿಬರುವ ನರ್ಸು. ಅವಳ ಚೀಲದಲ್ಲಿ ಮಗುವನ್ನು ತೂಗುವ ತಕ್ಕಡಿಯ ಜೊತೆಗೆ ಹತ್ತು ಪ್ರಶ್ನೆಗಳ ಒಂದು ಹಾಳೆ ಇರುತ್ತದೆ. ನಗು ಬರುತ್ತದೆಯೇ, ನಿದ್ದೆ ಬರುತ್ತದೆಯೇ ಎಂದು ಶುರುವಾಗಿ, ಬದುಕೇ ಬೇಡ ಅನ್ನಿಸಿದ್ದುಂಟೇ ಎಂಬಲ್ಲಿಗೆ ಮುಗಿಯುತ್ತದೆ. ಅಂಕ ಹೆಚ್ಚು ಬಂದಷ್ಟೂ ಮನಸ್ಸಿಗೆ ಕಷ್ಟ ಹೆಚ್ಚು ಎಂದರ್ಥ. ಶಾಲೆಯಲ್ಲಿ ಸೊನ್ನೆಗೇ ಹೆಸರಾಗಿದ್ದ ನನಗೆ ಹಿಡಿಸಿದ ಪರೀಕ್ಷೆ ಇದೊಂದೇ.

ಅಕ್ಕನ ಕಾಲು ಉಳುಕಿದ್ದರಿಂದ ಆ ವಾರ ಸ್ಕೂಟರಿಗೆ ನಾನೇ ಸಾರಥಿ. ಬರೆಯುವವನಿಗೆ ಬೇರೆ ಕೆಲಸವಿರುವುದಿಲ್ಲ ಎಂಬುದು ನಮ್ಮ ಮನೆಯವರ ಒಮ್ಮತದ ತೀರ್ಮಾನ. ಒಂದು ಬೆಳಿಗ್ಗೆ ಅವಳು ಮೂರನೇ ಮಹಡಿಗೆ ಹೋಗಿದ್ದಾಗ ಬಿಸಿಲು ತಾಳದೆ ಹಾರನ್ ಒತ್ತುತ್ತಲೇ ಇದ್ದೆ. ಗಡಿಬಿಡಿಯಲ್ಲಿ ಇಳಿದು ಬಂದಳು. ಎರಡು ಬೀದಿ ದಾಟಿರಲಿಲ್ಲ, ಬೆನ್ನಿಗೆ ಗುದ್ದು ಬಿತ್ತು.

"ತಿರುಗಿಸೋ ಗಾಡಿ! ಹತ್ತಕ್ಕೆ ಹತ್ತೂ ಸೊನ್ನೆ."

"ಒಳ್ಳೇದೇ ಅಲ್ವೇನೇ?"

"ದಡ್ಡ! ಆರು ವಾರದ ಕೂಸಿರೋ ಮನೇಲಿ ನಿದ್ದೆಗೂ ಸೊನ್ನೆ ಬರುತ್ತಾ? ಎಲ್ಲಾದಕ್ಕೂ ಅವಳ ಅತ್ತೇನೇ ಉತ್ತರ ಹೇಳಿದ್ರು. ನಾನೂ ಗೀಚ್ಕೊಂಡು ಬಂದ್ಬಿಟ್ಟೆ. ಹತ್ತನೇ ಪ್ರಶ್ನೆಗೆ ಆ ಹುಡುಗಿ ತಲೇನೇ ಎತ್ತಲಿಲ್ಲ ಕಣೋ."

ಭುಜದ ಮೇಲಿದ್ದ ಅವಳ ಕೈ ನನ್ನ ಅಂಗಿಯನ್ನು ಮುದುರಿ ಹಿಡಿದಿತ್ತು. ಹೆದರುವುದು ನನಗೆ ನಿತ್ಯದ ಅಭ್ಯಾಸ. ಅಕ್ಕ ಹೆದರಿದ್ದನ್ನು ಕಂಡದ್ದು ಅದೇ ಮೊದಲು.

ಗಾಡಿ ತಿರುಗಿಸಿದೆ. ಮೆಟ್ಟಿಲು ಹತ್ತುವಾಗ ಉಳುಕಿದ ಕಾಲಿನವಳು ಮುಂದೆ, ನೆಟ್ಟಗಿರುವ ಕಾಲಿನವನು ಏದುಸಿರು ಬಿಡುತ್ತಾ ಹಿಂದೆ. ಕರೆಗಂಟೆ ಒತ್ತಿದರೆ ಯಾರೂ ಬರಲಿಲ್ಲ. ಮೂರನೇ ಸಲಕ್ಕೆ ಅತ್ತೆ ಬಾಗಿಲು ತೆರೆದರು.

"ಮಗು ತೂಕ ಇನ್ನೊಂದ್ಸಲ ನೋಡ್ಬೇಕಮ್ಮಾ," ಎಂದು ಅಕ್ಕ ಬಾಣಂತಿಯ ಕೋಣೆಗೆ ನುಗ್ಗಿ ಚಿಲಕ ಹಾಕಿಕೊಂಡಳು. ಅತ್ತೆಯನ್ನು ಮಾತಾಡಿಸುತ್ತಾ ಇರು ಎಂದು ನನಗೆ ಮೆಟ್ಟಿಲಲ್ಲೇ ಅಪ್ಪಣೆಯಾಗಿತ್ತು. ಅವರ ಮಂಡಿನೋವು ವಿಚಾರಿಸಿದೆ, ನನ್ನದನ್ನೂ ಹೇಳಿಕೊಂಡೆ. ಒಳಗಿನಿಂದ ಸದ್ದೇ ಇರಲಿಲ್ಲ.

"ನಮ್ಮ ಸೊಸೆ ಭಾರಿ ಹುಷಾರಪ್ಪಾ," ಎಂದು ಆಕೆ ನಕ್ಕರು. "ಬಾಲ್ಕನಿಗೆ ಬೀಗ ಹಾಕ್ಸಿ, ಕೀಲಿ ನೀವೇ ಬಚ್ಚಿಟ್ಕೊಳ್ಳಿ ಅತ್ತೆ, ನನಗೆ ಕೊಡಲೇಬೇಡಿ ಅಂತಾಳೆ. ಮಗು ಇನ್ನೂ ಮಗ್ಗುಲೇ ಹೊರಳಲ್ಲ!"

ಕೇಳಿದ ಜೋಕಿಗೆಲ್ಲ ನಗುವವನು ನಾನು. ಆಗ ಬಾಲ್ಕನಿಯ ಬಾಗಿಲ ಕಡೆ ತಿರುಗಿ ನೋಡಿದೆ. "ಕೀಲಿ ಎಲ್ಲಿದೆ ತಾಯೀ?" ಎಂದೆ. ಆಕೆ ಸೊಂಟಕ್ಕೆ ಸಿಕ್ಕಿಸಿದ್ದ ಕೀಲಿಯನ್ನು ಮುಟ್ಟಿ ನೋಡಿಕೊಂಡರು. ನನ್ನ ಮುಖ ನೋಡಿದರು. ನಗು ಹಾಗೇ ಇಂಗಿತು.

ಚಿಲಕ ತೆಗೆದ ಸದ್ದಾಯಿತು. ಅಕ್ಕ ಹುಡುಗಿಯ ಮಣಿಕಟ್ಟು ಹಿಡಿದು ಹೊರಬಂದಳು. "ಆಟೋ ಕರಿಯೋ. ಈಗಲೇ ಡಾಕ್ಟರ ಹತ್ರ ಹೋಗ್ಬೇಕು. ಅಮ್ಮಾ, ಕೂಸನ್ನ ನೀವು ಎತ್ಕೊಳ್ಳಿ."

"ಅವಳಿಗೇನಾಗಿದೆ? ನನ್ನ ಹತ್ರ ಒಂದು ಮಾತೂ ಹೇಳಿಲ್ವಲ್ಲಾ!"

"ದಿನಾ ಹೇಳ್ತಾನೇ ಇದ್ದೆ ಅತ್ತೆ," ಎಂದಳು ಹುಡುಗಿ ಮೆಲ್ಲಗೆ.

ಅತ್ತೆ ಕೂಸನ್ನು ಎದೆಗವಚಿಕೊಂಡು, ಇನ್ನೊಂದು ಕೈಯಲ್ಲಿ ಸೊಸೆಯ ಸೆರಗು ಹಿಡಿದುಕೊಂಡು ಮಂಡಿನೋವಿನಲ್ಲೇ ಮೂರು ಮಹಡಿ ಇಳಿದರು. ಆಸ್ಪತ್ರೆ ಬರುವತನಕ ಆಟೋದ ಬೆನ್ನಿಗೇ ಸ್ಕೂಟರ್ ಅಂಟಿಸಿಕೊಂಡು ಹೋದೆ. ಹುಡುಗಿಯ ತಲೆ ಅಕ್ಕನ ಭುಜದ ಮೇಲಿತ್ತು. ಅದು ಅಲುಗಿದಾಗಲೆಲ್ಲ ನನ್ನ ಕೈ ಬ್ರೇಕಿಗೆ ಹೋಗುತ್ತಿತ್ತು.