ಸ್ಟಾಲಿನ್ನನ ಗಡಿ, ಚಕ್ರಪಾಣಿಯವರ ಕಾಂಪೌಂಡು

ನಮ್ಮ ಚಾಮರಾಜಪೇಟೆಯ ಬೀದಿಯಲ್ಲಿ ಎರಡನೇ ಮಹಾಯುದ್ಧ ಹೋದ ವರ್ಷದ ಮಾರ್ಚಿನವರೆಗೂ ನಡೆದಿತ್ತು. ಸಂಜೆ ಆರಕ್ಕೆ ಶುರು, ಏಳಕ್ಕೆ ಕದನವಿರಾಮ. ರಣರಂಗ ಎರಡು ಮನೆಗಳ ನಡುವಿನ ಎದೆಮಟ್ಟದ ಗೋಡೆ. ಗೋಡೆಯ ಈಚೆ ಬದಿಗೆ ಆಡಿಟ್ ಇಲಾಖೆಯಿಂದ ನಿವೃತ್ತರಾದ ಚಕ್ರಪಾಣಿಯವರು. ಆಚೆಗೆ ಕಾಟನ್‌ಪೇಟೆಯ ಸಗಟು ವ್ಯಾಪಾರಿ ವಿಶ್ವಾರಾಧ್ಯರು. ಗೋಣಿಚೀಲ ಮಾರುತ್ತಿದ್ದರೇ ಹೊರತು ಯಾರ ಮಾತಿಗೂ ಗೋಣಾಡಿಸಿದವರಲ್ಲ.

ಮೂವತ್ತು ವರ್ಷದ ಹಿಂದೆ ಚಕ್ರಪಾಣಿಯವರು ಅವೆನ್ಯೂ ರಸ್ತೆಯಿಂದ ರಟ್ಟು ಕಿತ್ತುಹೋದ ಯುದ್ಧಚರಿತ್ರೆಯೊಂದನ್ನು ತಂದದ್ದೇ ಇದಕ್ಕೆಲ್ಲ ಕಾರಣ. ೧೯೪೧ರ ಜೂನ್‌ನಲ್ಲಿ ಜರ್ಮನಿ ರಷ್ಯಾದ ಮೇಲೆ ಬಿದ್ದಾಗ ಸ್ಟಾಲಿನ್ನನ ಸೈನ್ಯ, ವಿಮಾನ, ಮದ್ದುಗುಂಡು ಬಹುಪಾಲು ಗಡಿಯ ಹತ್ತಿರವೇ ಇತ್ತು. ತಾನೇ ಮೊದಲು ಹೊಡೆಯುವುದಕ್ಕೋ, ಹೊಡೆತ ತಡೆಯುವುದಕ್ಕೋ?

"ಸ್ವಾಮಿ, ಸರಕನ್ನ ಅಂಗಡಿ ಬಾಗಿಲಲ್ಲಿ ಪೇರಿಸಿಟ್ಟೋನು ಇವತ್ತೇ ಸಾಗಿಸೋಕೆ ಇಟ್ಟಿರ್ತಾನೆ. ಕಾಪಾಡ್ಕೊಳ್ಳೋನು ಗೋಡೌನ್ ಒಳಗಿಡ್ತಾನೆ. ನಿಮ್ಮ ಸ್ಟಾಲಿನ್ ದಾಳಿಗೇ ನಿಂತಿದ್ದ" ಎನ್ನುವರು ವಿಶ್ವಾರಾಧ್ಯರು.

"ಎಲ್ಲಿಟ್ಟ ಅಂತ ನೋಡಿ ಯಾಕಿಟ್ಟ ಅಂತ ಬರೆಯೋಕಾಗಲ್ಲ ಆರಾಧ್ಯರೇ. ಎಷ್ಟೋ ಟ್ಯಾಂಕು ರಿಪೇರಿಗೆ ಬಿದ್ದಿದ್ವು, ಲಾರಿ ಸಾಲ್ತಿರ್ಲಿಲ್ಲ. ಅಂಥೋನು ದಾಳಿ ಮಾಡ್ತಾನಾ? ದಾಖಲೆ ಇಲ್ದೆ ಉದ್ದೇಶ ಹಚ್ಚಬಾರದು."

"ಓಹೋ, ಸ್ಟಾಲಿನ್‌ಗೂ ನೀವೇ ಆಡಿಟ್ ಮಾಡಿದ್ರಾ?"

"ಮಾಡಿದ್ರೆ ಇಲ್ಲೆಲ್ಲಿರ್ತಿದ್ದೆ? ಸೈಬೀರಿಯಾಗೆ ವರ್ಗ ಆಗ್ತಿತ್ತು!"

ಚಕ್ರಪಾಣಿಯವರ ಮಗ ವಂಶಿಯ ಮದುವೆಯ ದಿನ ಒಂದು ಸಂಜೆ ವಾದ ತಪ್ಪಿತು. ಮರುದಿನ ಇಬ್ಬರೂ ಎರಡು ಗಂಟೆ ನಿಂತು ಬಾಕಿ ತೀರಿಸಿದರು. ಆಮೇಲಾಮೇಲೆ ಚಕ್ರಪಾಣಿಯವರ ಮಂಡಿ ನೋಯತೊಡಗಿತು. ಆದರೂ ಗೋಡೆ ಬಿಡಲಿಲ್ಲ.

ಮಾರ್ಚಿನಲ್ಲಿ ವಿಶ್ವಾರಾಧ್ಯ ದಂಪತಿ ನೆಂಟರ ಗೃಹಪ್ರವೇಶಕ್ಕೆಂದು ವಾರದ ಮಟ್ಟಿಗೆ ತಿಪಟೂರಿಗೆ ಹೋದರು. ಮಾರನೆಯ ಬೆಳಿಗ್ಗೆ ಅವರ ಕಡೆ, ಗೋಡೆಗೆ ಒತ್ತಿಕೊಂಡಂತೆ, ಒಂದು ಲಾರಿ ಮರಳು, ಜಲ್ಲಿ, ಕಬ್ಬಿಣದ ಕಂಬಿ ಬಂದು ಬಿದ್ದವು. ಯಾರೋ ಗೋಡೆಯ ಬುಡದಲ್ಲಿ ಸುಣ್ಣದ ಗೆರೆಯನ್ನೂ ಎಳೆದು ಹೋದರು. ಈಗೀಗ ನಮ್ಮ ಬೀದಿಯಲ್ಲಿ ಗೋಡೆ ಪಕ್ಕ ಜಲ್ಲಿ ಬಿತ್ತೆಂದರೆ, ಪಕ್ಕದವರ ಅರ್ಧ ಅಡಿ ನುಂಗಿ ನಾಲ್ಕು ಅಂತಸ್ತು ಏಳುತ್ತದೆ.

"ಒಂದು ಫೋನ್ ಮಾಡಿ ಕೇಳಿಬಿಡೀಂದ್ರೆ" ಎಂದರು ಹೆಂಡತಿ ಗೋದಾ.

"ಕೇಳಿದ್ರೆ ಹುಷಾರಾಗ್ಬಿಡ್ತಾರೆ."

ಚಕ್ರಪಾಣಿಯವರು ವಾರ್ಡ್ ಕಚೇರಿಗೆ ಮೂರು ಪುಟದ ದೂರು ಬರೆದರು. ಜೊತೆಗೆ ಜಲ್ಲಿಯ ಫೋಟೋ, ಕ್ರಯಪತ್ರದ ನಕ್ಷೆ. ಇಲಾಖೆಯ ರೂಢಿಯಂತೆ 'ಉದ್ದೇಶ' ಎಂದು ಪ್ರತ್ಯೇಕ ಕಲಂ ಮಾಡಿ, ಅದರಡಿ 'ಒತ್ತುವರಿ' ಎಂದು ಬರೆದರು. ಆರನೇ ದಿನ ಕೆಲಸ ನಿಲ್ಲಿಸುವಂತೆ ನೋಟೀಸು ಬಂತು. ದೂರಿನ ನಕಲಿನೊಂದಿಗೆ ಕಚೇರಿಯವರು ಅದನ್ನು ವಿಶ್ವಾರಾಧ್ಯರ ಗೇಟಿಗೆ ಅಂಟಿಸಿದರು.

ಅದೇ ಮಧ್ಯಾಹ್ನ ಮೇಸ್ತ್ರಿ ದೊಡ್ಡಬೈರಪ್ಪ ಬಂದು ನೋಟೀಸು ನೋಡಿ ತಬ್ಬಿಬ್ಬಾದ. ಚಕ್ರಪಾಣಿಯವರು ಗತ್ತಿನಿಂದಲೇ ಕೇಳಿದರು: "ಏನಪ್ಪಾ, ಎಷ್ಟು ಅಂತಸ್ತು?"

"ಅಂತಸ್ತೆಲ್ಲಿ ಸ್ವಾಮಿ, ಒಂದು ಸಣ್ಣ ಗೇಟು. ಪಕ್ಕದ್ಮನೆ ಅಯ್ನೋರು ನಿಂತು ನಿಂತು ಮಂಡಿ ನೋಯಿಸ್ಕೋತಾರೆ, ಗೋಡೇಲಿ ಗೇಟಿಟ್ರೆ ಹಿಂಗೇ ಒಳಗ್ಬಂದು ಜಗುಲಿ ಮೇಲೆ ಕೂತು ಮಾತಾಡ್ಬೋದು ಅಂದ್ರು ಸಾಹುಕಾರ್ರು. ಜಗುಲೀನೂ ಕಟ್ಬೇಕಿತ್ತು. ಗೋಡೆ ಮಾತ್ರ ಮುಟ್ಬೇಡ, ಊರಿಂದ ಬಂದು ಅವರನ್ನ ಕೇಳಿ ಶುರು ಮಾಡೋಣ ಅಂದಿದ್ರು."

ಚಕ್ರಪಾಣಿಯವರು ಆಟೋ ಹಿಡಿದು ಹೋಗಿ ದೂರು ವಾಪಸು ಪಡೆದರು. ಗೇಟಿನ ಕಾಗದವನ್ನು ಕಿತ್ತುಬಿಡೋಣ ಎಂದು ಕೈ ಚಾಚಿ, ಸರ್ಕಾರಿ ನೋಟೀಸು ಹರಿಯುವುದು ಅಪರಾಧವೆಂದು ನೆನಪಾಗಿ ಹಿಂದೆಗೆದರು. ಆಡಿಟ್ ಬುದ್ಧಿ! ಹರಿದಿದ್ದರೆ ಚೆನ್ನಾಗಿತ್ತು ಎಂದು ಈಗಲೂ ಗೋದಾ ಅವರ ಹತ್ತಿರ ಹೇಳಿಕೊಳ್ಳುತ್ತಾರಂತೆ. ಏಕೆಂದರೆ ಸಂಜೆಯ ಬಸ್ಸಿಗೆ ಬಂದ ವಿಶ್ವಾರಾಧ್ಯರು ಕೈಚೀಲ ಕೆಳಗಿಟ್ಟು, ಗೇಟಿನ ಮುಂದೆಯೇ ನಿಂತು ಮೂರೂ ಪುಟ ಓದಿದರು.

ಕ್ಷಮೆ ಕೇಳಲು ಹೋದ ಚಕ್ರಪಾಣಿಯವರಿಗೆ ವಿಶ್ವಾರಾಧ್ಯರ ಹೆಂಡತಿ ಶೈಲಜಮ್ಮ ಕಾಫಿ ಕೊಟ್ಟರು. ವಿಶ್ವಾರಾಧ್ಯರು ಕೂಗಾಡಲಿಲ್ಲ. "ಒಂದು ಮಾತು ಕೇಳಿದ್ರೆ ಆಗ್ತಿತ್ತಲ್ಲ ಸ್ವಾಮಿ" ಎಂದರು, ಅಷ್ಟೇ. ವಾರದೊಳಗೆ ಜಲ್ಲಿ, ಮರಳು ಬೇರೆಲ್ಲಿಗೋ ಹೋದವು.

ಈಗಲೂ ಸಂಜೆ ಇಬ್ಬರೂ ಗೋಡೆಗೆ ಬರುತ್ತಾರೆ. ಆರೋಗ್ಯ, ನೀರು, ಕರೆಂಟು ವಿಚಾರಿಸಿಕೊಳ್ಳುತ್ತಾರೆ. ಚಕ್ರಪಾಣಿಯವರು ರಷ್ಯಾದ ಮಾತೆತ್ತಿದರೆ ವಿಶ್ವಾರಾಧ್ಯರು ಎಲ್ಲದಕ್ಕೂ ಒಪ್ಪಿಬಿಡುತ್ತಾರೆ. ಒಮ್ಮೆ "ನೀವು ಹೇಳಿದ್ದೇ ಸರಿ, ಅವನು ದಾಳಿಗೇ ನಿಂತಿದ್ದ" ಎಂದು ಇವರು ಸೋತು ನೋಡಿದರು. "ಇರಬೋದು" ಎಂದರು ಅವರು.

ಹೋದ ವಾರ ಚಕ್ರಪಾಣಿಯವರು ಬೇಕೆಂದೇ ತಪ್ಪು ಹೇಳಿದರು. "ಆರಾಧ್ಯರೇ, ಜರ್ಮನಿಯೋರು ಗಡಿ ದಾಟಿದ್ದು ಡಿಸೆಂಬರ್‌ನಲ್ಲಿ ಅಲ್ವೇ?"

ವಿಶ್ವಾರಾಧ್ಯರು ಒಂದು ಗಳಿಗೆ ಅವರನ್ನೇ ನೋಡಿದರು. ತುಟಿ ಅಲುಗಿತು. ಚಕ್ರಪಾಣಿಯವರು ಗೋಡೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕಾದರು.

"ನಿಮಗೇ ಚೆನ್ನಾಗಿ ಗೊತ್ತು ಸ್ವಾಮಿ" ಎಂದರು ವಿಶ್ವಾರಾಧ್ಯರು. "ಈ ವರ್ಷ ಸೆಕೆ ಜಾಸ್ತಿ."

ಚಕ್ರಪಾಣಿಯವರು ಹೌದು ಎಂದರು.