ವೈನಿಯ ನಾಲ್ಕು ಹಲ್ಲು

ಇವತ್ತು ಬೆಳಿಗ್ಗೆ ರೇಷನ್ ಕಾರ್ಡಿಗಾಗಿ ಅಲಮಾರಿ ತಡಕಾಡುತ್ತಿದ್ದೆ. ಕಾರ್ಡು ಸಿಗಲಿಲ್ಲ. ಹಳೆಯ ಕಾಗದಗಳ ನಡುವಿನಿಂದ ಲ್ಯಾಮಿನೇಷನ್ ಮಾಡಿಸಿದ ಒಂದು ಔಷಧದ ಚೀಟಿ ಜಾರಿ ಕಾಲ ಮೇಲೆ ಬಿತ್ತು. ಕಂಡದ್ದೇ ತಡ, ಹರಿದು ಎಸೆಯಬೇಕೆನಿಸಿತು. ಹರಿಯುವುದು ಹೇಗೆ? ಹರಿಯಬಾರದೆಂದೇ ಅಲ್ಲವೇ ನಾನು ಅದಕ್ಕೆ ಪ್ಲಾಸ್ಟಿಕ್ ಹೊದಿಸಿದ್ದು! ಎರಡೂ ಕೈಯಿಂದ ಎಳೆದೆ. ಬಾಗಿತೇ ಹೊರತು ಹರಿಯಲಿಲ್ಲ. ನನ್ನ ಜಾಣತನ ಅಷ್ಟು ಗಟ್ಟಿಮುಟ್ಟು.

ಚೀಟಿ ನಮ್ಮ ವೈನಿಯದು. ಅಣ್ಣನ ಹೆಂಡತಿಗೆ ನಮ್ಮ ಕಡೆ ವೈನಿ ಅನ್ನುತ್ತೇವೆ. ಅಣ್ಣ, ವೈನಿ ಇರುವುದು ಆಳಂದ ತಾಲೂಕಿನ ನರೋಣಾದಲ್ಲಿ, ತೊಗರಿ ಬೆಳೆಯುತ್ತಾರೆ. ನಾನು ಅಫಜಲಪುರದ ಕಡೆ ಗೊಬ್ಬೂರಿನಲ್ಲಿ ಮಾಸ್ತರ. ಮನೆತನದಲ್ಲಿ ಮೊದಲು ಕಾಲೇಜು ಹತ್ತಿದವನು ನಾನಾದ್ದರಿಂದ, ಯಾರಿಗೆ ಏನೇ ಕಾಯಿಲೆಯಾದರೂ ಅದರ ಕಾಗದಪತ್ರ ನನ್ನ ಕೈಗೇ ಬರುತ್ತದೆ. ವೈದ್ಯಕೀಯದಲ್ಲಿ ನನಗೆ ಗೊತ್ತಿರುವುದು ಚೀಟಿಯಲ್ಲಿ ಬರೆದ ಹೆಸರನ್ನು ಅಂಗಡಿಯವನ ಮುಂದೆ ಗಟ್ಟಿಯಾಗಿ ಓದುವುದಷ್ಟೇ. ಅದನ್ನೇ ಎಲ್ಲರೂ ವಿದ್ಯೆ ಎಂದು ನಂಬಿದ್ದರು, ನಾನೂ ನಂಬಿದ್ದೆ.

ನಲವತ್ತಾರನೇ ವಯಸ್ಸಿಗೆ ವೈನಿಗೆ ಬಿಪಿ ಇದೆ ಎಂದಾಯಿತು. ಪಟ್ಟಣದ ಡಾಕ್ಟರೊಬ್ಬರು ತಲೆಯೆತ್ತದೆ ಎರಡು ಗುಳಿಗೆ ಬರೆದರು, ತಿಂಗಳ ನಂತರ ಬನ್ನಿ ಅಂದರು. ನಾವು ಹೋಗಲಿಲ್ಲ. ಬಿಪಿ ಇಳಿದಿತ್ತು, ಮತ್ತೇಕೆ ಹೋಗುವುದು? ಚೀಟಿ ಬೆವರಿಗೆ ಹಾಳಾಗದಿರಲೆಂದು ಲ್ಯಾಮಿನೇಷನ್ ಮಾಡಿಸಿ, ಎರಡು ತಿಂಗಳಿಗೊಮ್ಮೆ ಅದನ್ನೇ ಅಂಗಡಿಯಲ್ಲಿ ತೋರಿಸಿ ಗುಳಿಗೆ ತರುತ್ತಿದ್ದೆ. ಮೂರು ವರ್ಷ! ಅಂಗಡಿಯವನು ಒಮ್ಮೆಯಾದರೂ ತಾರೀಖು ನೋಡಿದ್ದಿದ್ದರೆ! "ಮಾಸ್ತರ್ ಭಾಳ ನೀಟ್ ಇಟ್ಟೀರಿ ಬಿಡ್ರಿ" ಎಂದು ಹೊಗಳಿದ. ನಾನು ಆ ಹೊಗಳಿಕೆಯನ್ನು ಮನೆಯಲ್ಲಿ ಬಂದು ಹೇಳಿದ್ದೂ ಉಂಟು.

ಈಗ ಮಿಶ್ರಿಯ ವಿಷಯ ಹೇಳಬೇಕು. ತಂಬಾಕನ್ನು ಹೆಂಚಿನ ಮೇಲೆ ಕಪ್ಪಗೆ ಸುಟ್ಟು, ಪುಡಿ ಮಾಡಿ, ಬೆರಳಿನಿಂದ ಹಲ್ಲಿಗೆ ತಿಕ್ಕುವ ಚಟ ನಮ್ಮ ಕಡೆಯ ಅನೇಕ ಹೆಂಗಸರಿಗಿದೆ. ಹಲ್ಲುಜ್ಜುವ ನೆಪದಲ್ಲಿ ಕೂಲಿಗೆ ಹೋಗುವ ಮುಂಚೆ ಕಾಲು ತಾಸು ಕೂತುಕೊಳ್ಳಲು ಸಿಗುವುದು ಅದೊಂದರಿಂದಲೇ ಎಂದು ಒಬ್ಬಾಕೆ ನನಗೆ ಹೇಳಿದ್ದಳು. ವೈನಿಯೂ ಹಚ್ಚುತ್ತಿದ್ದರು. ನಾನು ಒಂದು ಸಂಜೆ ಕ್ಯಾನ್ಸರಿನ ಚಿತ್ರಗಳನ್ನೆಲ್ಲ ತೋರಿಸಿ ದೊಡ್ಡ ಭಾಷಣ ಮಾಡಿದೆ. ಅವರು ಎದ್ದುಹೋಗಿ ಡಬ್ಬಿಯನ್ನು ತಿಪ್ಪೆಗೆ ಸುರಿದು ಬಂದರು. ಅಂಥ ಹೆಂಗಸು. ಮತ್ತೆ ಮುಟ್ಟಲಿಲ್ಲ. ಇದು ಬಿಪಿ ಬರುವುದಕ್ಕೆ ನಾಲ್ಕು ವರ್ಷ ಮೊದಲಿನ ಮಾತು.

ಗುಳಿಗೆ ಶುರುವಾದ ಎರಡನೇ ವರ್ಷ ವೈನಿಯ ವಸಡು ಬಾತುಕೊಂಡವು. ಬಾವಲ್ಲ, ಬೆಳವಣಿಗೆ, ಹಲ್ಲಿನ ಸಂದಿಯಿಂದ ಕೆಂಪು ಮಾಂಸ ಮೇಲೇರಿ ಅರ್ಧ ಹಲ್ಲನ್ನು ಮುಚ್ಚಿತು. ಬ್ರಷ್ ತಗುಲಿದರೆ ರಕ್ತ. ಬ್ರಷ್ ಬಿಟ್ಟರೆ ಬಾಯಿ ವಾಸನೆ. ಜೊತೆಗೆ ಬಾಯಿ ಸದಾ ಒಣಗುತ್ತಿತ್ತು, ಅದಕ್ಕೆ ದವಡೆಯಲ್ಲಿ ಬೆಲ್ಲದ ಚೂರು ಇಟ್ಟುಕೊಳ್ಳುತ್ತಿದ್ದರು. ಸೆರಗು ಬಾಯಿಗೆ ಹಿಡಿದು ಮಾತಾಡತೊಡಗಿದರು. ಹಿರಿಯರ ಮುಂದೆ ಸೆರಗು ಹಿಡಿಯುವುದು ನಮ್ಮಲ್ಲಿ ರೂಢಿಯೇ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ.

ಬಂದದ್ದು ಬೇರೆ ಅನುಮಾನ. ಅಣ್ಣನೇ ಮೊದಲು ಅಂದ: "ಕದ್ದು ಮಿಶ್ರಿ ಹಚ್ಚಾಕತ್ಯಾಳ, ಮತ್ತೇನು?" ನನಗೂ ಹೌದೆನಿಸಿತು. ಓದಿದವನ ತಲೆಗೆ ಒಂದು ಕಾರಣ ಸಿಕ್ಕರೆ ಸಾಕು, ಇನ್ನೊಂದನ್ನು ಹುಡುಕುವ ಕಷ್ಟ ಅವನು ತೆಗೆದುಕೊಳ್ಳುವುದಿಲ್ಲ.

ಆ ವರ್ಷ ಎಳ್ಳಮಾವಾಸ್ಯೆಗೆ ಎಲ್ಲರೂ ಹೊಲಕ್ಕೆ ಹೋಗಿದ್ದೆವು. ಭೂಮಿತಾಯಿಗೆ ನೈವೇದ್ಯವೆಂದು ಬೆಳೆಯ ನಡುವೆ ಚರಗ ಚೆಲ್ಲಿಯಾಗಿತ್ತು. ಸಜ್ಜೆ ಕಡುಬು, ಭಜ್ಜಿ, ಒಣಗಿಸಿ ಗಟ್ಟಿಯಾದ ಕಟಕಟಿ ರೊಟ್ಟಿ ಬಿಚ್ಚಿಕೊಂಡು ಸಾಲಾಗಿ ಕೂತಿದ್ದೆವು. ಎರಡು ದಿನ ಕೂತು ಆ ರೊಟ್ಟಿ ಬಡಿದ ವೈನಿ ಮಾತ್ರ ಬರೀ ಅಂಬಲಿ ಕುಡಿಯುತ್ತಿದ್ದರು. ದೊಡ್ಡಪ್ಪ ಕೇಳಿದರು, "ಯಾಕವಾ, ರೊಟ್ಟಿ ಯಾಕ ಒಲ್ಲಿ?"

ಉತ್ತರ ಕೊಟ್ಟವನು ನಾನು. "ಮಿಶ್ರಿ ಬಿಟ್ರ ರೊಟ್ಟಿ ಕಡಿಯಾಕ ಬರ್ತದ್ರಿ. ಬಿಟ್ಟೇನಿ ಅಂತ ಸುಳ್ಳು ಹೇಳ್ಕೋತ ಇದ್ರ ಹ್ಯಾಂಗ?"

ಎಲ್ಲರೂ ನಕ್ಕರು. ವೈನಿ ರೊಟ್ಟಿಯ ಮೇಲೆ ಕೈಯಿಟ್ಟರು. "ಅನ್ನದ ಮ್ಯಾಲ ಕೈ ಇಟ್ಟು ಹೇಳ್ತೇನ್ರಿ ಮಾಸ್ತರ್ರ, ನಾ ಮುಟ್ಟಿಲ್ಲ." ಅಣ್ಣ "ಸಾಕು ಸಾಕು, ಉಣ್ಣು" ಅಂದ. ನಾನು ಇನ್ನೊಂದು ಕಡುಬು ಹಾಕಿಸಿಕೊಂಡೆ. ಆ ಕಡುಬು ನನ್ನ ಗಂಟಲಲ್ಲಿ ಸಿಕ್ಕಿಕೊಳ್ಳಬೇಕಿತ್ತು. ಸಿಕ್ಕಿಕೊಳ್ಳಲಿಲ್ಲ, ರುಚಿಯಾಗಿಯೇ ಇತ್ತು.

ಮರುವರ್ಷ ಮುಂದಿನ ಹಲ್ಲು ಅಲುಗಾಡತೊಡಗಿದವು. ಆಗಲೂ ಅಣ್ಣ ಅವರನ್ನು ಕರೆದುಕೊಂಡು ಹೋದದ್ದು ಸಂತೆಯಲ್ಲಿ ಕುರ್ಚಿ ಹಾಕಿಕೊಂಡು ಕೂರುವ ಒಬ್ಬ ಹಲ್ಲು ಕೀಳುವವನ ಹತ್ತಿರ. ಆತ ಏನನ್ನೂ ಕೇಳಲಿಲ್ಲ. ಇಕ್ಕಳ ಹಾಕಿ ನಾಲ್ಕು ಹಲ್ಲು ಕಿತ್ತು ಕಾಗದದಲ್ಲಿ ಕಟ್ಟಿಕೊಟ್ಟ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ! ರಕ್ತ ನಿಲ್ಲಲಿಲ್ಲ. ಆಗ ನನಗೆ ಫೋನು ಬಂತು, ಕಲಬುರಗಿಗೆ ಕರೆದೊಯ್ದೆ.

ಅಲ್ಲಿದ್ದವರು ನನ್ನ ವಿದ್ಯಾರ್ಥಿನಿಯರಷ್ಟು ವಯಸ್ಸಿನ ದಂತವೈದ್ಯೆ. ಮೊದಲು ರಕ್ತ ನಿಲ್ಲಿಸಿದರು. ಆಮೇಲೆ ವೈನಿಯ ಸೆರಗನ್ನು ಮೆಲ್ಲನೆ ಸರಿಸಿ, ದೀಪ ಹಿಡಿದು ಬಹಳ ಹೊತ್ತು ನೋಡಿದರು. ಕೇಳಿದ ಮೊದಲ ಪ್ರಶ್ನೆ: "ಅಮ್ಮಾ, ದಿನಾ ಯಾವ್ಯಾವ ಗುಳಿಗಿ ತಗೋತೀರಿ?"

ಅಷ್ಟೇ. ಅಷ್ಟೇ ಪ್ರಶ್ನೆ! ಎರಡು ವರ್ಷದಲ್ಲಿ ಅಣ್ಣ ಕೇಳಲಿಲ್ಲ, ನಾನು ಕೇಳಲಿಲ್ಲ, ಅಂಗಡಿಯವನು ಕೇಳಲಿಲ್ಲ. ಬರೆದುಕೊಟ್ಟ ಡಾಕ್ಟರಂತೂ ಇಂಥದ್ದಾದರೆ ಬಂದು ಹೇಳಿ ಅನ್ನಲೂ ಇಲ್ಲ. ನಾನು ಹೆಮ್ಮೆಯಿಂದ ಚೀಟಿ ತೆಗೆದು ಮೇಜಿನ ಮೇಲಿಟ್ಟೆ. ಅವರು ತಾರೀಖು ನೋಡಿದರು, ನನ್ನನ್ನು ನೋಡಿದರು. "ಇದನ್ನ ಇನ್ನಾ ನಡಸಾಕತ್ತೀರೇನ್ರಿ, ಸರ್?"

ಬಿಪಿಯ ಆ ಒಂದು ಗುಳಿಗೆಯಿಂದ ಕೆಲವರಿಗೆ ವಸಡು ಹೀಗೆ ಬೆಳೆಯುತ್ತದಂತೆ. ಉಜ್ಜಲಾಗದೆ ಕೊಳೆ ಕೂತರೆ ಇನ್ನೂ ಬೆಳೆಯುತ್ತದಂತೆ. ಇನ್ನೊಂದು ಗುಳಿಗೆ ಮೂತ್ರ ಹೆಚ್ಚು ಮಾಡಿ ಬಿಪಿ ಇಳಿಸುವಂಥದ್ದು, ಅದರಿಂದ ಬಾಯಿ ಒಣಗುವುದುಂಟು. ಒಣ ಬಾಯಿಯಲ್ಲಿ ದಿನವಿಡೀ ಬೆಲ್ಲವಿದ್ದರೆ ಹಲ್ಲು ಹುಳುಕಾಗದೆ ಏನು ಮಾಡುತ್ತದೆ? ವೈನಿ ಸಿಟ್ಟಿನಿಂದ, "ಇವತ್ತಿಂದ ಗುಳಿಗಿ ಒಗದ ಬಿಡ್ತೇನಿ" ಅಂದರು. "ಹಂಗ ಮಾಡಬ್ಯಾಡ್ರಿ, ಬಿಪಿ ಏರಿದ್ರ ಜೀವಕ್ಕ ಕುತ್ತು. ಡಾಕ್ಟರಿಗೆ ನಾ ಬರದು ಕೊಡ್ತೇನಿ, ಅವರು ಬದಲಿ ಮಾಡಲಿ" ಎಂದರು ವೈದ್ಯೆ. ಆಮೇಲೆ ಕೇಳಿದರು, "ಮಿಶ್ರಿ ಹಚ್ತೀರೇನು?"

"ಬಿಟ್ಟು ಭಾಳ ವರ್ಷ ಆತ್ರಿ."

"ಹೌದು, ಗೊತ್ತಾಗ್ತದ."

ವೈನಿ ಅತ್ತದ್ದು ಆಗ. ಇಕ್ಕಳ ಹಾಕಿದಾಗಲೂ ಅಳದವರು, ಒಬ್ಬರು "ಹೌದು" ಅಂದದ್ದಕ್ಕೆ ಅತ್ತರು. ಕಿತ್ತ ಹಲ್ಲುಗಳ ಬಗ್ಗೆ ನಾನು ಹೆದರುತ್ತಲೇ ಕೇಳಿದೆ. "ಕೀಳಿಸೋ ಮೊದಲ ಬಂದಿದ್ರ ಉಳಸಾಕ ನೋಡಬಹುದಿತ್ರಿ" ಎಂದು ಅವರು ಕೈ ತೊಳೆಯಲು ಎದ್ದರು.

ಗುಳಿಗೆ ಬದಲಾಯಿತು, ಹಲ್ಲು ಸ್ವಚ್ಛಗೊಳಿಸಿದ್ದಾಯಿತು, ಕೆಲವು ತಿಂಗಳಲ್ಲಿ ವಸಡು ಬಹಳಷ್ಟು ಇಳಿದವು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂದು ಗಾದೆ ಹೇಳಿ ನಗುತ್ತೇವಲ್ಲ, ಹಲ್ಲು ಹೋದದ್ದು ಯಾರಿಂದ ಎಂದು ಆ ಗಾದೆ ಕೇಳುವುದಿಲ್ಲ.

ಈ ಸಲದ ಎಳ್ಳಮಾವಾಸ್ಯೆಗೆ ಅದೇ ಹೊಲದಲ್ಲಿ, ಅದೇ ಜನರ ಮುಂದೆ ನಾನು ಎದ್ದುನಿಂತು ಹೇಳಿದೆ: ವೈನಿ ಸುಳ್ಳು ಹೇಳಿರಲಿಲ್ಲ, ಸುಳ್ಳಾಡಿದವನು ನಾನು. ಅಣ್ಣ ತಾಟಿನಿಂದ ತಲೆಯೆತ್ತದೆ, "ಹೋಗ್ಲಿ ಬಿಡೋ ತಮ್ಮಾ, ಆದದ್ದು ಆತು" ಅಂದ.

ವೈನಿ ಸೆರಗು ಕೆಳಗಿಳಿಸಿದರು. ದೊಡ್ಡಪ್ಪನ ಮುಂದೆಯೇ, ಖಾಲಿ ಸಂದಿ ಎಲ್ಲರಿಗೂ ಕಾಣುವಂತೆ, ಅಣ್ಣನಿಗೆ ಹೇಳಿದರು: "ಆದದ್ದು ನಿಮಗ ಆಗಿಲ್ಲ, ನನಗ ಆಗ್ಯದ. ಬಿಡಬೇಕೋ ಬ್ಯಾಡೋ ನಾ ಹೇಳ್ತೇನಿ."

ಯಾರೂ ನಗಲಿಲ್ಲ. ನಾನು ಕ್ಷಮಿಸಿ ಎಂದು ಬಾಯಿ ತೆರೆದೆ. ಅದನ್ನೂ ತಡೆದರು. "ಕ್ಷಮಾ ಗಿಮಾ ಬ್ಯಾಡ್ರಿ ಮಾಸ್ತರ್ರ. ಹೊಲದಾಗಿನ ಮಾತು ಹೊಲದಾಗ ಉಳೀತದ. ನೀವು ಪೇಪರಿಗೆ ಬರೀತೀರಲ್ಲ, ಹಂಗಾರ ಬರೀರಿ. ನಾ ಹೇಳಿದ್ದು ಖರೆ ಅಂತ ಬರೀರಿ."

ಎಷ್ಟೋ ದಿನ ಮುಂದೂಡಿದೆ. ನನ್ನ ಮೂರ್ಖತನ ಅಚ್ಚಾಗುವುದೆಂಬ ನಾಚಿಕೆ, ಇನ್ನೇನಲ್ಲ. ಇವತ್ತು ಕೂತು ಬರೆದಿದ್ದೇನೆ, ವೈನಿ. ನೀವು ಮಿಶ್ರಿ ಮುಟ್ಟಿರಲಿಲ್ಲ. ನೀವು ಹೇಳಿದ್ದು ನಿಜ.