ಮಾರಮ್ಮನ ಕಲ್ಲೂ ನನ್ನ ಪ್ರಬಂಧದ ವಿಷಯವೂ

ಎಂ.ಎ. ಓದುತ್ತಿದ್ದ ಕಾಲಕ್ಕೆ ನನಗೆ ಇತಿಹಾಸದ ಹುಚ್ಚಿಗಿಂತ ಇತಿಹಾಸಕಾರ ಅನ್ನಿಸಿಕೊಳ್ಳುವ ಹುಚ್ಚೇ ಹೆಚ್ಚಾಗಿತ್ತು. ಐವತ್ತರ ದಶಕದ ಕೊನೆಯ ಮಾತು. ಕೋಲಾರದ ಚಿನ್ನದ ಗಣಿಗಳಲ್ಲೊಂದಾದ ಮೈಸೂರು ಮೈನ್ಸ್‌ನ ನಮ್ಮ ಮನೆಯಿಂದ ಹೊರಟು, ಬಂಗಾರಪೇಟೆಯಲ್ಲಿ ಗಾಡಿ ಬದಲಿಸಿ, ದಿನಾ ಬೆಂಗಳೂರಿಗೆ ಹೋಗಿಬರುತ್ತಿದ್ದೆ. ರೈಲಿನಲ್ಲಿ ಸೀಟು ಸಿಕ್ಕರೆ ದಪ್ಪ ಪುಸ್ತಕವೊಂದನ್ನು ಎದುರಿನವರಿಗೆ ಹೆಸರು ಕಾಣುವ ಹಾಗೆ ಹಿಡಿದು ಕೂರುತ್ತಿದ್ದೆ. ಎಷ್ಟೋ ಸಲ ಪುಟ ತಿರುಗಿಸುವುದೇ ಮರೆತುಹೋಗುತ್ತಿತ್ತು.

ಪ್ರಬಂಧಕ್ಕೆ ವಿಷಯ ಆರಿಸಿಕೊಳ್ಳಿ ಎಂದಾಗ ನಾನು ಬರೆದುಕೊಟ್ಟದ್ದು ‘ದಕ್ಷಿಣ ಭಾರತದ ರಾಜವಂಶಗಳು’. ಪ್ರೊಫೆಸರರು ಕನ್ನಡಕ ತೆಗೆದು, “ಎಲ್ಲವೂನಾ? ಒಂದೆರಡಾದರೂ ಬೇರೆಯವರಿಗೆ ಬಿಡ್ರೀ” ಎಂದರು. ಎರಡನೆಯ ಸಲ ರೋಮಿಗೂ ಕೋಲಾರಕ್ಕೂ ಇದ್ದ ಚಿನ್ನದ ವ್ಯಾಪಾರ ಎಂದೆ. “ಲ್ಯಾಟಿನ್ ಬರುತ್ತಾ?” “ಕಲೀತೀನಿ ಸಾರ್.” ಇಡೀ ತರಗತಿ ನಕ್ಕಿತು.

ಅಪ್ಪನಿಗೆ ಮಾತ್ರ ನಗು ಬರುತ್ತಿರಲಿಲ್ಲ. ಅವನು ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್. ಸಾಹೇಬರ ಕೈಕಾಲು ಹಿಡಿದು ಆಫೀಸಿನಲ್ಲಿ ನನಗೊಂದು ಗುಮಾಸ್ತೆ ಕೆಲಸ ಗೊತ್ತುಮಾಡಿಟ್ಟಿದ್ದ. “ಲೇ, ಶುಕ್ರವಾರದೊಳ್ಗೆ ನಿನ್ ವಿಷ್ಯ ಒಪ್ಕೊಂಡ್ರೆ ಓದು. ಇಲ್ದಿದ್ರೆ ಸೋಮವಾರ ಆಫೀಸ್ಗೆ ಓಗು” ಎಂದು ಖಡಾಖಂಡಿತವಾಗಿ ಹೇಳಿಬಿಟ್ಟ.

ಆ ಹೆದರಿಕೆಯಲ್ಲಿ ಪ್ರೊಫೆಸರರ ಮುಂದೆ ಬುರುಡೆ ಬಿಟ್ಟೆ: ನಮ್ಮ ಹಳ್ಳಿಯಲ್ಲಿ ಯಾರೂ ಓದದ ಶಾಸನವೊಂದಿದೆ, ಗಂಗರ ಕಾಲದ್ದು! ಪೂರ್ತಿ ಸುಳ್ಳೂ ಅಲ್ಲ. ಗಣಿಯ ಜಮೀನಿಗೆ ಅಂಟಿಕೊಂಡ ನಮ್ಮ ಹೊಲದ ಅಂಚಿನಲ್ಲಿ ಮಾರಮ್ಮನ ಕಲ್ಲಿತ್ತು. ಅದರ ಮೇಲೆ ಅರಿಸಿನ, ಕುಂಕುಮ, ಎಣ್ಣೆ ಬೆರಳು ದಪ್ಪ ಮೆತ್ತಿಕೊಂಡಿತ್ತು. ಚಿಕ್ಕಂದಿನಲ್ಲಿ ಕೈಯಾಡಿಸಿದಾಗ ಅದರಡಿ ಅಕ್ಷರದಂಥದ್ದೇನೋ ತಗುಲಿದ ನೆನಪು. ಪ್ರೊಫೆಸರರು ನೆಟ್ಟಗೆ ಕೂತರು. “ಒದ್ದೆ ಕಾಗದ ಒತ್ತಿ, ಮಸಿ ಬಡಿದು ಪಡಿಯಚ್ಚು ತಗೊಂಡು ಬನ್ನಿ. ಶುಕ್ರವಾರ ನೋಡೋಣ. ಶಾಸನ ಇದ್ದರೆ ವಿಷಯ ನಿಮ್ಮದು.”

ಬುಧವಾರ ಹಳ್ಳಿಗೆ ಹೋದೆ. ಆ ಕಲ್ಲಿನ ಪೂಜೆ ನಮ್ಮ ಅತ್ತೆಯದು. ಅಪ್ಪನ ಅಕ್ಕ, ಊರಲ್ಲೇ ಕೊಟ್ಟಿದ್ದರು. ಕಲ್ಲು ತೊಳೆಯಬೇಕು ಅಂದದ್ದೇ ತಡ, ಕೇರುತ್ತಿದ್ದ ಮೊರ ಬಿಸಾಕಿ ಎದ್ದಳು. “ಅಮ್ಮನ್ ಮಖ ತೊಳೀತಾನಂತೆ! ನಿನ್ ಓದಿಗಿಷ್ಟು ಬೆಂಕಿ ಆಕ!” ನಾನು ಮೂಢನಂಬಿಕೆಯ ಬಗ್ಗೆ ಉದ್ದಕ್ಕೆ ಭಾಷಣ ಬಿಗಿದೆ. ಅತ್ತೆ ಜಗ್ಗಲಿಲ್ಲ. ಕೊನೆಗೆ ಊರ ಗೌಡರು, “ಓದೋ ಉಡ್ಗ ಕೇಳ್ತಾವ್ನೆ. ಅಮ್ಮನ್ನೇ ಊವ ಕೇಳಿ ನೋಡಾನ” ಎಂದರು.

ಕಲ್ಲಿನ ನೆತ್ತಿಯ ಮೇಲೆ ಹೂವಿಟ್ಟು ಕಾಯುವುದು. ಬಲಕ್ಕೆ ಬಿದ್ದರೆ ಅಪ್ಪಣೆ, ಎಡಕ್ಕೆ ಬಿದ್ದರೆ ಇಲ್ಲ. ಆಗಷ್ಟೇ ಭಾಷಣ ಮುಗಿಸಿದ್ದ ಮಹಾಶಯ ನಾನು ಕಣ್ಣು ಮುಚ್ಚಿ, “ತಾಯೀ, ಬಲಕ್ಕೆ, ಬಲಕ್ಕೆ” ಎಂದು ಬೇಡಿಕೊಂಡೆ. ಹೂವು ಬಲಕ್ಕೇ ಬಿತ್ತು. ಅತ್ತೆ ಸೆರಗು ಬಾಯಿಗಿಟ್ಟುಕೊಂಡಳು.

ಸೀಗೆಪುಡಿ, ಹುಣಸೆಹಣ್ಣು ಹಾಕಿ ಒಂದು ಗಂಟೆ ಉಜ್ಜಿದೆ. ಅಕ್ಷರ ಎದ್ದವು. ಎರಡು ಇಂಗ್ಲಿಷ್ ಅಕ್ಷರ, ಕೆಳಗೊಂದು ನಂಬರು, ಪಕ್ಕದಲ್ಲಿ ಬಾಣದ ಗುರುತು. ಗಣಿಗೆ ಜಮೀನು ಅಳೆದಾಗ ಸರ್ವೆಯವರು ನೆಟ್ಟ ಎಲ್ಲೆಗಲ್ಲು! ಬೆಟ್ಟ ಅಗೆದು ಇಲಿ ಹಿಡಿದಿದ್ದೆ. ನನ್ನ ಗಂಗರೂ ಹೋದರು, ನನ್ನ ಎಂ.ಎ.ಯೂ ಹೋಯಿತು.

ಸುತ್ತ ಊರೇ ನೆರೆದಿತ್ತು. ಇಂಗ್ಲಿಷು ಬಲ್ಲವರು ಒಬ್ಬರೂ ಇರಲಿಲ್ಲ. “ಏನ್ ಬರ್ದೈತಪ್ಪಾ?” ಎಂದರು ಗೌಡರು. ಅತ್ತೆಯ ಕಡೆ ನೋಡಿದೆ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. “ಹಳೇ ಲಿಪಿ. ಈ ಊರನ್ನ ಕಾಯ್ತೀನಿ ಅಂತ ಬರೆದಿದೆ” ಎಂದುಬಿಟ್ಟೆ. ಎಲ್ಲರೂ ಕೈಮುಗಿದರು. ನನಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು.

ಜನ ಚದುರಿದ ಮೇಲೆ ಅತ್ತೆ ಬಟ್ಟಲು ತಂದು ಕಲ್ಲಿಗೆ ಮತ್ತೆ ಅರಿಸಿನ ಬಳಿಯತೊಡಗಿದಳು.

“ಸುಳ್ ಯೋಳ್ದೆ. ಒಳ್ಳೇದೇ ಮಾಡ್ದೆ ಬುಡು.”

“ನಿಂಗೆ ಗೊತ್ತಿತ್ತಾ ಅತ್ತೆ?”

“ಗೊತ್ತಿಲ್ದೆ ಏನ್ಲಾ? ಗಣಿಯೋರು ಈ ಕಲ್ ನೆಟ್ಟಾಗ ನಂಗೆ ಎಂಟ್ ವರ್ಸ. ಆಚೆ ಇದ್ದ ನಮ್ ಒಲ ಓಯ್ತು. ಮುಂದಿನ್ ವರ್ಸ ಕಲ್ನ ಇನ್ನೂ ಈಚೆಗೆ ತತ್ತೀವಿ ಅಂತ ಬಂದ್ರು. ಅವ್ರು ಬರೋದ್ರೊಳ್ಗೆ ನಮ್ಮವ್ವ ಇದ್ಕೆ ಅರಿಸ್ನ ಬಳ್ದು, ಕೋಳಿ ಕುಯ್ದು, ಮಾರಮ್ಮ ಅಂದ್ಬುಟ್ಳು. ಕೂಲಿಯೋರು ಭಯಕ್ಕೆ ಗುದ್ಲಿನೇ ಎತ್ಲಿಲ್ಲ. ಇವತ್ಗೂ ಈಚೆ ಒಲ ನಮ್ದೇ. ನಿಮ್ಮಪ್ಪ ಬೆಳ್ದಿದ್ದು ಇದೇ ರಾಗಿ ತಿಂದು ಕಣ್ಲಾ.”

ಬಾಯಿ ಬಿಟ್ಟುಕೊಂಡು ಕೇಳಿದೆ. “ಇಷ್ಟು ದಿನ ಯಾಕೆ ಹೇಳ್ಲಿಲ್ಲ?”

“ಕಲ್ನ ಕೇಳ್ದೆ, ಊವ್ನ ಕೇಳ್ದೆ. ನನ್ನ ಯಾವತ್ತಾನ ಕೇಳ್ದೇನ್ಲಾ?”

ಶುಕ್ರವಾರ ಪ್ರೊಫೆಸರರಿಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಇದೇ ನನ್ನ ವಿಷಯ ಸಾರ್ ಎಂದೆ. ಅವರು ಶಾಂತವಾಗಿಯೇ ಕೇಳಿದರು. “ಇದು ಎಲ್ಲಿ ಬರೆದಿದೆ?”

“ಎಲ್ಲೂ ಬರೆದಿಲ್ಲ ಸಾರ್. ನಮ್ಮ ಅತ್ತೆ ಹೇಳಿದಳು.”

“ಹಳ್ಳಿ ಹೆಂಗಸು ಹೇಳಿದ್ದೆಲ್ಲ ಇತಿಹಾಸ ಆಗುತ್ತೇನ್ರೀ?”

ಆಗುತ್ತೆ ಅನ್ನಬೇಕಿತ್ತು. ಬಾಯಿ ತುದಿಗೆ ಬಂದಿತ್ತು ಕೂಡ. ಅವರ ಹಿಂದಿನ ಗಾಜಿನ ಬೀರುವಿನಲ್ಲಿ ದಪ್ಪ ದಪ್ಪ ಪುಸ್ತಕಗಳು ಸಾಲಾಗಿ ನಿಂತಿದ್ದವು. “ಇಲ್ಲ ಸಾರ್” ಎಂದುಬಿಟ್ಟೆ, ಹೇಡಿ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಗಣಿಯ ಆಫೀಸಿಗೆ ಹೋಗಿ ಹಾಜರಿ ಹಾಕಿದೆ.